ಕ್ಲಾಸ್ ಪಾಠ ಚೆಂಡಿನಿಂದ ಶುರುವಾಗಲಿ

ನಮ್ಮ ಎರಡನೇ ವರ್ಷದವರನ್ನ ಯಾರನ್ನಾದರೂ ಕೇಳಿ, ಪ್ರೋಗ್ರಾಮಿಂಗ್‌ನಲ್ಲಿ ಕ್ಲಾಸ್ ಅಂದ್ರೆ ಏನು ಅಂತ. ‘ಆಬ್ಜೆಕ್ಟ್‌ನ ಬ್ಲೂಪ್ರಿಂಟ್’ ಅನ್ನೋ ಉತ್ತರ ಥಟ್ಟಂತ ಬರುತ್ತೆ. ಅದು ಯಾಕೆ ಬೇಕು ಅಂದ್ರೆ ಮಾತ್ರ ಎಲ್ಲರೂ ಗಪ್‌ಚುಪ್. ನಮಗೆ ಸಿಗೋ ಉದಾಹರಣೆಗಳೇ ಹಾಗಿವೆ: ಸ್ಟೂಡೆಂಟ್ ಕ್ಲಾಸ್, ಎಂಪ್ಲಾಯಿ ಕ್ಲಾಸ್. ಹೆಸರು, ನಂಬರ್ ಓದಿಸಿ ಪ್ರಿಂಟ್ ಮಾಡೋ ಕೆಲಸಕ್ಕೆ ಕ್ಲಾಸ್ ಯಾಕೆ, ನೀವೇ ಹೇಳಿ?

ಅದರ ಬದಲು ಆನಿಮೇಶನ್‌ನಿಂದ ಶುರು ಮಾಡೋಣ ಅಂತೀವಿ ನಾವು. ಕೇಸಿ ರಿಯಾಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರು ಮಾಡಿದ ‘ಪ್ರೊಸೆಸಿಂಗ್’ ಉಚಿತವಾಗಿ ಸಿಗುತ್ತೆ. ಅದರಲ್ಲಿ ‘ಡ್ರಾ’ ಅನ್ನೋ ಫಂಕ್ಷನ್ ಸೆಕೆಂಡಿಗೆ ಸುಮಾರು 60 ಸಲ ಓಡುತ್ತೆ. ಪ್ರತಿ ಸಲ ಪರದೆ ಅಳಿಸಿ, ಚೆಂಡಿನ ಜಾಗಕ್ಕೆ ವೇಗ ಕೂಡಿಸಿ, ಮತ್ತೆ ಬರೆದರೆ ಚೆಂಡು ಚಲಿಸುತ್ತೆ. ಅಂಚು ಮುಟ್ಟಿದಾಗ ವೇಗದ ಪ್ಲಸ್ಸನ್ನ ಮೈನಸ್ ಮಾಡಿದರೆ ಪುಟಿದು ವಾಪಸ್ ಬರುತ್ತೆ.

ಒಂದು ಚೆಂಡಿಗೆ ನಾಲ್ಕು ವೇರಿಯಬಲ್: ಜಾಗಕ್ಕೆ ಎರಡು, ವೇಗಕ್ಕೆ ಎರಡು. 10 ಚೆಂಡಿಗೆ 40. 100 ಚೆಂಡು ಬೇಕು ಅಂದಾಗ ತಲೆ ಕೆಡುತ್ತೆ. ಅರೇಗಳಲ್ಲಿ ತುಂಬಿಸಬಹುದು ನಿಜ; ಆದರೆ ಬಣ್ಣ, ಅಳತೆ ಅಂತ ಸೇರಿಸಿದ ಹಾಗೆಲ್ಲ ಇನ್ನೊಂದು ಅರೇ ಸಾಕಬೇಕು. ಕ್ಲಾಸ್ ಬೇಕು ಅನ್ನಿಸೋದು ಆಗ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಥರ ‘ಚೆಂಡು’ ಅನ್ನೋ ಒಂದೇ ಅಚ್ಚು. ಅದರಿಂದ ಬೇಕಾದಷ್ಟು ಚೆಂಡು. ಒಂದು ವ್ಯತ್ಯಾಸ ಇದೆ: ಸಕ್ಕರೆ ಬೊಂಬೆ ಸುಮ್ನೆ ಕೂತಿರುತ್ತೆ, ನಮ್ಮ ಪ್ರತಿ ಚೆಂಡೂ ತನ್ನ ಜಾಗ, ತನ್ನ ವೇಗ ಇಟ್ಟುಕೊಂಡು ತಾನೇ ಚಲಿಸುತ್ತೆ. ‘ಎನ್‌ಕ್ಯಾಪ್ಸುಲೇಶನ್’ ಅಂತ ಬಾಯಿಪಾಠ ಮಾಡೋದು ಇದನ್ನೇ.

ಇದು ಆಟದ ಮಾತಲ್ಲ. ನಾರ್ವೆಯ ಡಾಲ್ ಮತ್ತು ನೈಗಾರ್ಡ್ ರೂಪಿಸಿದ ಸಿಮುಲಾ ಭಾಷೆ ಹುಟ್ಟಿದ್ದೇ ಸಿಮ್ಯುಲೇಶನ್‌ಗೆ. ಕ್ಲಾಸ್ ಬಂದದ್ದು ಅದರ 1967ರ ಆವೃತ್ತಿಯಲ್ಲಿ. ಸ್ಟ್ರೌಸ್ಟ್ರಪ್ ಅದನ್ನ ಸಿ ಪ್ಲಸ್ ಪ್ಲಸ್‌ಗೆ ತಂದದ್ದು ಅಲ್ಲಿಂದಲೇ. ಕಾಲಕ್ಕೆ ತಕ್ಕಂತೆ ಬದಲಾಗೋ ವಸ್ತುಗಳಿಗಾಗಿ ಹುಟ್ಟಿದ್ದನ್ನ ನಾವು ಅಲ್ಲಾಡದ ಉದಾಹರಣೆಗಳಲ್ಲಿ ಕಲಿತಾ ಇದ್ದೀವಿ.

‘ಇಂಟರ್‌ವ್ಯೂನಲ್ಲಿ ಚೆಂಡು ಕೇಳಲ್ಲ, ಬ್ಯಾಂಕ್ ಅಕೌಂಟ್ ಕೇಳ್ತಾರೆ’ ಅಂತೀರಾ? ಕೇಳಲಿ. ಅಕೌಂಟ್‌ಗೂ ಅದರದ್ದೇ ಬ್ಯಾಲೆನ್ಸ್ ಇರುತ್ತೆ, ಅದನ್ನ ಬದಲಿಸೋ ಫಂಕ್ಷನ್ ಇರುತ್ತೆ. ಚೆಂಡು ಅರ್ಥ ಆದವರಿಗೆ ಅಕೌಂಟ್ ಕಷ್ಟ ಅಲ್ಲ. ಡೆಫಿನಿಷನ್ ಉರು ಹೊಡೆದವರಿಗೆ ಎರಡೂ ಕಷ್ಟ.

ಸಿಲಬಸ್ ಬದಲಿಸಿ ಅಂತ ನಾವು ಕೇಳ್ತಾ ಇಲ್ಲ. ಜೂನಿಯರ್‌ಗಳ ಮೊದಲ ಲ್ಯಾಬ್‌ನಲ್ಲಿ ಎರಡು ಗಂಟೆ ಕೊಡಿ, ಸಾಕು. ‘ಕೋಡಿಂಗ್ ನಮಗಲ್ಲ’ ಅಂತ ಮೊದಲ ತಿಂಗಳಲ್ಲೇ ಕೈಚೆಲ್ಲೋ ಗೆಳೆಯರಲ್ಲಿ ಒಂದಿಬ್ಬರಾದರೂ ಉಳಿದುಕೊಳ್ತಾರೆ.