ಕತ್ತಿಯ ಗೀರು, ಪಟಿಕದ ಉರಿ

ನಮ್ಮ ಊರುಗಳ ಕ್ಷೌರದಂಗಡಿಗಳಲ್ಲಿ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇವತ್ತಿಗೂ ಒಂದು ಬಿಳಿಗಲ್ಲು ಕಾಣುತ್ತದೆ. ನೊರೆಯ ಬಟ್ಟಲು, ಬ್ರಷ್ಷು, ಪೌಡರ್ ಡಬ್ಬಿಗಳ ನಡುವೆ ಕೂತಿರುವ, ಬಳಸಿ ಬಳಸಿ ಅಂಚು ಸವೆದ ಅರೆಪಾರದರ್ಶಕ ಕಲ್ಲು. ಹಳೇ ಮೈಸೂರಿನ ಕಡೆಯವರು ಅದನ್ನು ಪಟಿಕ ಅನ್ನುತ್ತಾರೆ, ಉತ್ತರ ಕರ್ನಾಟಕದವರು ತುರಟಿ ಅನ್ನುತ್ತಾರೆ. ಕ್ಷೌರ ಮುಗಿದ ಮೇಲೆ ನೀರಲ್ಲಿ ಅದ್ದಿ ಕೆನ್ನೆ, ಗದ್ದ, ಕುತ್ತಿಗೆಯ ಮೇಲೆ ತಿಕ್ಕಿದರೆ ಕತ್ತಿ ತಾಗಿದ ಜಾಗವೆಲ್ಲ ಚುರುಗುಟ್ಟುತ್ತದೆ. ಸ್ವಲ್ಪ ಹೊತ್ತಿಗೆ ನೆತ್ತರು ನಿಂತಿರುತ್ತದೆ.

ಕ್ಷೌರದ ಗೀರು ದೊಡ್ಡ ಗಾಯವೇನಲ್ಲ. ಆದರೂ ಮನುಷ್ಯ ಅದಕ್ಕೆ ಮದ್ದು ಹುಡುಕಿದ ಕತೆ ಬಹಳ ಹಳೆಯದು. ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ 29ನೆಯ ಭಾಗದಲ್ಲಿ, ಕ್ಷೌರದಂಗಡಿಯಲ್ಲಾದ ಗಾಯದ ನೆತ್ತರನ್ನು ಜೇಡರಬಲೆ ನಿಲ್ಲಿಸುತ್ತದೆ ಎಂದು ಬರೆದಿಟ್ಟ. ಅಲ್ಲಿಂದ ಹದಿನೈದು ಶತಮಾನ ದಾಟಿ ಬಂದರೆ, ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಬಾಟಮ್ ಎಂಬ ನೇಕಾರನಿಗೆ ಜೇಡರಬಲೆಯ ಹೆಸರು ಹೊತ್ತ ಯಕ್ಷನೊಬ್ಬ ಎದುರಾಗುತ್ತಾನೆ. ಬೆರಳು ಕುಯ್ದುಕೊಂಡಾಗ ನಿನ್ನ ಹತ್ತಿರ ಬರುತ್ತೇನೆ ಎಂಬರ್ಥದ ಮಾತನ್ನು ಬಾಟಮ್ ಆಡುತ್ತಾನೆ. ನಾಟಕ ನೋಡುತ್ತಿದ್ದ ಲಂಡನ್ನಿನ ಜನಕ್ಕೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವರ ಮನೆಗಳಲ್ಲೂ ಅದೇ ಮದ್ದು.

ನಮ್ಮ ಮನೆಗಳ ಪಟ್ಟಿ ಇನ್ನೂ ಉದ್ದ. ಪತ್ರಿಕೆಯ ಅಚ್ಚಿಲ್ಲದ ಅಂಚನ್ನು ಚೂರು ಹರಿದು ಗದ್ದಕ್ಕೆ ಅಂಟಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಅಡುಗೆಮನೆಯಿಂದ ಬರುವ ಮದ್ದು ಕಾಫಿಪುಡಿ ಇಲ್ಲವೇ ಅರಿಶಿನ, ಎಲೆಯಡಿಕೆಯ ತಟ್ಟೆಯಿಂದ ಬರುವುದು ಸುಣ್ಣ. ನಸ್ಯದ ಪುಡಿ ಒತ್ತಿಕೊಂಡವರೂ ಇದ್ದಾರೆ. ಮಲೆನಾಡು ಮತ್ತು ಕರಾವಳಿಯಲ್ಲಿ ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಕಳೆಯ ಎಲೆಯನ್ನು ಅಂಗೈಯಲ್ಲಿ ಹೊಸಕಿ ರಸ ಹಿಂಡುತ್ತಾರೆ. ಬಯಲುಸೀಮೆಯಲ್ಲಿ ಆ ಕೆಲಸಕ್ಕೆ ಬದುವಿನ ಮೇಲಿನ ಟ್ರೈಡ್ಯಾಕ್ಸ್ ಗಿಡವಿದೆ. ಇವನ್ನೆಲ್ಲ ನಾವು ಅಜ್ಜ ಅಜ್ಜಿಯರ ಕಾಲದ ಮದ್ದು ಎಂದು ಒಂದೇ ಗಂಟಿಗೆ ಕಟ್ಟುತ್ತೇವೆ. ಆದರೆ ಈ ಎರಡು ಗಿಡಗಳೂ ಅಮೆರಿಕ ಖಂಡದಿಂದ ಬಂದವು. ಹೊಸದಾಗಿ ಬಂದ ಕಳೆಯ ಗುಣವನ್ನು ನಮ್ಮ ರೈತರು, ದನಗಾಹಿಗಳು ತಮ್ಮ ಕೈಯಾರೆ ಪರೀಕ್ಷಿಸಿ ಮದ್ದಿನ ಸಾಲಿಗೆ ಸೇರಿಸಿಕೊಂಡಿದ್ದಾರೆ. ಹಳ್ಳಿಯ ಮದ್ದೆಂದರೆ ಎಂದೋ ಹೆಪ್ಪುಗಟ್ಟಿ ನಿಂತ ಜ್ಞಾನ ಎಂದುಕೊಂಡವರು ಇದನ್ನು ಗಮನಿಸಬೇಕು.

ಜೇಡರಬಲೆ, ಕಾಗದ, ಕಾಫಿಪುಡಿ, ಸುಣ್ಣ, ಸೊಪ್ಪು, ಪಟಿಕ. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ. ಆದರೂ ಪ್ರತಿಯೊಂದಕ್ಕೂ ‘ನನಗೆ ಕೆಲಸ ಮಾಡಿತು’ ಎನ್ನುವ ಸಾಕ್ಷಿಗಳು ಸಿಗುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ. ಕಾರಣ ನಮ್ಮ ಮೈಯಲ್ಲೇ ಇದೆ. ಕತ್ತಿ ತಾಗಿದ ಕೂಡಲೇ ತುಂಡಾದ ಕಿರುನಾಳ ತಾನಾಗಿ ಕುಗ್ಗುತ್ತದೆ. ರಕ್ತದಲ್ಲಿ ತೇಲುವ ಪ್ಲೇಟ್‌ಲೆಟ್ ಕಣಗಳು ಗಾಯದ ಅಂಚಿಗೆ ಅಂಟಿ, ಒಂದರ ಮೇಲೊಂದು ಪೇರಿಸಿಕೊಂಡು ಬಾಯಿ ಮುಚ್ಚುತ್ತವೆ. ಆಮೇಲೆ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಂಡು ಆ ಮುಚ್ಚಳವನ್ನು ಗಟ್ಟಿ ಮಾಡುತ್ತವೆ. ಆರೋಗ್ಯವಂತರಲ್ಲಿ ಸಣ್ಣ ಗೀರಿನ ನೆತ್ತರು ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ. ಮುಖದ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿವೆ, ಕ್ಷೌರಕ್ಕೆ ಮುಂಚೆ ಹಚ್ಚಿದ ಬಿಸಿನೀರು ಅವನ್ನು ಇನ್ನಷ್ಟು ಹಿಗ್ಗಿಸಿರುತ್ತದೆ. ಹಾಗಾಗಿ ಗಾಯದ ಗಾತ್ರಕ್ಕಿಂತ ನೆತ್ತರು ಹೆಚ್ಚು ಕಾಣಿಸುತ್ತದೆ, ಗಾಬರಿ ಹುಟ್ಟುತ್ತದೆ. ಆ ನಿಮಿಷಗಳಲ್ಲಿ ಏನನ್ನು ಹಚ್ಚಿದರೂ ನಿಲ್ಲಿಸಿದ ಕೀರ್ತಿ ಅದಕ್ಕೇ ಹೋಗುತ್ತದೆ.

ಹಾಗಾದರೆ ಮದ್ದುಗಳೆಲ್ಲ ಬರಿಯ ನಂಬಿಕೆಯೇ? ಇಲ್ಲಿ ಸುಶ್ರುತನನ್ನು ಕೇಳಬೇಕು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯ ರಕ್ತದ ಕುರಿತದ್ದು. ನೆತ್ತರು ನಿಲ್ಲಿಸುವ ನಾಲ್ಕು ವಿಧಾನಗಳನ್ನು ಅದು ಹೇಳುತ್ತದೆ: ಸಂಧಾನ, ಸ್ಕಂದನ, ಪಾಚನ, ದಹನ. ಒಗರು ದ್ರವ್ಯಗಳು ಗಾಯದ ಬಾಯನ್ನು ಕೂಡಿಸುತ್ತವೆ, ತಂಪು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಬೂದಿ ಪಾಕ ಮಾಡುತ್ತದೆ, ಸುಡುವುದು ನಾಳಗಳನ್ನು ಕುಗ್ಗಿಸುತ್ತದೆ. ಸುಡುವುದು ಉಳಿದವು ಸೋತಾಗಿನ ಕೊನೆಯ ದಾರಿ. ನಮ್ಮ ಮನೆಮದ್ದುಗಳ ಬಹುಭಾಗ ಈ ವಿಂಗಡಣೆಯೊಳಗೆ ಕೂರುತ್ತದೆ. ಕ್ಷೌರದ ಕೊನೆಗೆ ಮುಖಕ್ಕೆ ಎರಚುವ ತಣ್ಣೀರು ಎರಡನೆಯ ಗುಂಪಿನದು. ಪಟಿಕ ಮೊದಲನೆಯ ಗುಂಪಿನದು.

ಅದೇ ಅಧ್ಯಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಇನ್ನೊಂದು ವಿವರವಿದೆ. ಲೋಧ್ರ, ಜೇಷ್ಠಮಧು, ಕಾವಿಮಣ್ಣು, ಶಂಖದ ಪುಡಿ, ಉದ್ದು, ಜವೆಗೋಧಿ, ಗೋಧಿ ಹಿಟ್ಟು ಹೀಗೆ ಅನೇಕ ಚೂರ್ಣಗಳನ್ನು ಹೆಸರಿಸಿದ ಮೇಲೆ ಗ್ರಂಥಕಾರ ಕೈ ಹೇಗೆ ಆಡಬೇಕೆಂದೂ ಹೇಳುತ್ತಾನೆ: ಗಾಯದ ಬಾಯಿಗೆ ಪುಡಿಯನ್ನು ಮೆಲ್ಲಮೆಲ್ಲನೆ ಉದುರಿಸಿ ಬೆರಳ ತುದಿಯಿಂದ ಒತ್ತಬೇಕು. ಇವತ್ತಿನ ಪ್ರಥಮ ಚಿಕಿತ್ಸೆಯ ಪಾಠ ಶುರುವಾಗುವುದೂ ಅಲ್ಲಿಂದಲೇ: ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಘಳಿಗೆಗೊಮ್ಮೆ ಎತ್ತಿ ನೋಡಬೇಡಿ. ಎಲ್ಲ ಮದ್ದಿನ ಹಿಂದೆ ಇರುವ ಮೊದಲ ಮದ್ದು ಆ ಬೆರಳಿನ ಒತ್ತು. ಕಾಗದದ ಚೂರೂ ಜೇಡರಬಲೆಯೂ ಅದರ ಜೊತೆಗೆ ಎಳೆಗಳನ್ನು ಒದಗಿಸುತ್ತವೆ, ಹೆಪ್ಪು ಆ ಎಳೆಗಳನ್ನು ಹಿಡಿದುಕೊಂಡು ನಿಲ್ಲುತ್ತದೆ. ಕಾಗದವನ್ನು ಒಣಗಿದ ಮೇಲೆ ಕಿತ್ತರೆ ಹೆಪ್ಪೂ ಕಿತ್ತು ಬಂದು ಗಾಯ ಮತ್ತೆ ತೆರೆದುಕೊಳ್ಳುತ್ತದೆ. ನೆನೆಸಿ ಬಿಡಿಸಬೇಕು.

ಪಟಿಕ ಇವಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರಸಾಯನಶಾಸ್ತ್ರದಲ್ಲಿ ಅದು ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂಗಳ ಜೋಡಿ ಸಲ್ಫೇಟ್, ಪ್ರತಿ ಅಣುಸೂತ್ರಕ್ಕೂ 12 ನೀರಿನ ಅಣುಗಳನ್ನು ಕಟ್ಟಿಕೊಂಡ ಹರಳು. ನೀರಲ್ಲಿ ಕರಗಿದಾಗ ಬಿಡುಗಡೆಯಾಗುವ ಅಲ್ಯೂಮಿನಿಯಂ ಅಯಾನಿಗೆ ಮೂರು ಧನಾವೇಶ. ಗಾಯದ ಬಾಯಲ್ಲಿರುವ ಪ್ರೋಟೀನುಗಳನ್ನು ಅದು ಗರಣೆ ಕಟ್ಟಿಸುತ್ತದೆ, ಸುತ್ತಲಿನ ಚರ್ಮವನ್ನು ಬಿಗಿಯುತ್ತದೆ, ಕಿರುನಾಳಗಳ ಬಾಯಿ ಮುಚ್ಚುತ್ತದೆ. ಉರಿ ಹುಟ್ಟುವುದು ಆ ದ್ರಾವಣ ಆಮ್ಲೀಯವಾದ್ದರಿಂದ. ರಾಡಿ ನೀರಿನ ಕೊಡದಲ್ಲಿ ಪಟಿಕವನ್ನು ತಿರುವಿದಾಗಲೂ ನಡೆಯುವುದು ಇದಕ್ಕೆ ಹತ್ತಿರದ ಕೆಲಸವೇ. ಋಣಾವೇಶದ ಮಣ್ಣಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ, ಪಟಿಕ ಆ ದೂರವನ್ನು ಅಳಿಸುತ್ತದೆ, ಕಣಗಳು ಕೂಡಿ ತಳಕ್ಕಿಳಿಯುತ್ತವೆ. ನಗರಗಳ ನೀರು ಶುದ್ಧೀಕರಣ ಘಟಕಗಳು ಇಂದಿಗೂ ಅಲ್ಯೂಮಿನಿಯಂ ಲವಣಗಳನ್ನು ನೆಚ್ಚಿಕೊಂಡಿವೆ.

ಬಣ್ಣಗಾರನಿಗೂ ಚಮ್ಮಾರನಿಗೂ ಪಟಿಕ ಬೇಕಿತ್ತು. ರಸಶಾಸ್ತ್ರದ ಹಳೆಯ ಗ್ರಂಥ ‘ರಸರತ್ನಸಮುಚ್ಚಯ’ ಅದನ್ನು ಉಪರಸಗಳೆಂಬ ಖನಿಜಗಳ ಗುಂಪಿನಲ್ಲಿ ಸೇರಿಸಿ, ಸೌರಾಷ್ಟ್ರದಲ್ಲಿ ಸಿಗುವ ಈ ದ್ರವ್ಯ ಮಂಜಿಷ್ಠದ ಕೆಂಪನ್ನು ಬಟ್ಟೆಗೆ ಕಟ್ಟಿಹಾಕುತ್ತದೆ ಎಂದು ಹೇಳುತ್ತದೆ. ಯುರೋಪಿನಲ್ಲಿ ಉಣ್ಣೆಯ ಬಣ್ಣಗಾರಿಕೆ ಏಷ್ಯಾ ಮೈನರಿನ ಪಟಿಕವನ್ನು ನಂಬಿ ನಿಂತಿತ್ತು. ಆ ಗಣಿಗಳು ಆಟೊಮನ್ ತುರ್ಕರ ಕೈಸೇರಿದ ಮೇಲೆ, 1460ರ ದಶಕದಲ್ಲಿ ರೋಮಿನ ಸಮೀಪದ ತೊಲ್ಫಾ ಬೆಟ್ಟಗಳಲ್ಲಿ ನಿಕ್ಷೇಪ ಸಿಕ್ಕಿತು, ಪೋಪರ ಬೊಕ್ಕಸಕ್ಕೆ ಅದರಿಂದ ದೊಡ್ಡ ಆದಾಯವೇ ಹರಿಯಿತು. ಗದ್ದದ ಗೀರಿಗೆ ತಿಕ್ಕುವ ಕಲ್ಲಿನ ಹಿಂದೆ ಸಾಮ್ರಾಜ್ಯಗಳ ವ್ಯಾಪಾರವಿದೆ. ಇವತ್ತು ಚರ್ಮರೋಗ ತಜ್ಞರು ಪರೀಕ್ಷೆಗೆಂದು ಚರ್ಮದ ತೆಳುಪದರವನ್ನು ಹೆರೆದು ತೆಗೆದ ಮೇಲೆ ಸಾಮಾನ್ಯವಾಗಿ ಹಚ್ಚುವುದು ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು. ಅದು ಪಟಿಕದ ಸಮೀಪದ ಬಂಧು. ಕ್ಷೌರಿಕನ ಹಲಗೆಯ ಮೇಲಿನ ಜ್ಞಾನ ವೈದ್ಯರ ಕೋಣೆಯಲ್ಲೂ ನಿಂತಿದೆ.

ಎಲ್ಲ ಮದ್ದೂ ಹೀಗೆ ಗೆದ್ದು ಬರುವುದಿಲ್ಲ. ಅರಿಶಿನದ ಸ್ಥಿತಿ ಬೆರಕೆಯದು. ಗಾಯ ಮಾಯಿಸುವ ಅದರ ಗುಣಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ ಭಾರತೀಯ ವೈದ್ಯಕೀಯ ಪತ್ರಿಕೆಯಲ್ಲಿ 1953ರಲ್ಲೇ ಬಂದಿದ್ದ ಲೇಖನವನ್ನೂ ಮುಂದಿಟ್ಟು ಹೋರಾಡಿತು, 1997ರಲ್ಲಿ ಪೇಟೆಂಟ್ ರದ್ದಾಯಿತು. ಹೆಮ್ಮೆಪಡಬೇಕಾದ ಗೆಲುವು. ಆದರೆ ಆ ಗೆಲುವು ಅರಿಶಿನದ ಜ್ಞಾನ ಯಾರದು ಎಂಬುದನ್ನು ತೀರ್ಮಾನಿಸಿತೇ ಹೊರತು ಅದು ನೆತ್ತರನ್ನು ನಿಲ್ಲಿಸುತ್ತದೆಯೇ ಎಂಬುದನ್ನಲ್ಲ. ಪ್ರಯೋಗಾಲಯದಲ್ಲಿ ಅರಿಶಿನದ ಕರ್ಕ್ಯುಮಿನ್ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಆದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನೂ ತಡೆಯುತ್ತದೆ. ಒಣಪುಡಿಯಾಗಿ ನೆತ್ತರು ಹೀರುವುದೇ ಅಲ್ಲಿ ಅದರ ಮುಖ್ಯ ಉಪಕಾರ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನವೂ ಮಾರುಕಟ್ಟೆಯಲ್ಲಿ ಸಿಕ್ಕಿಬಿದ್ದಿರುವಾಗ, ತೆರೆದ ಗಾಯಕ್ಕೆ ಅದನ್ನು ತುಂಬುವ ಮುನ್ನ ಯೋಚಿಸಬೇಕು. ಕಮ್ಯುನಿಸ್ಟ್ ಗಿಡದ ಎಲೆಯ ಸಾರ ರಕ್ತ ಸೋರುವ ಹೊತ್ತನ್ನು ಕಡಿಮೆ ಮಾಡುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಬೇಲಿಯಿಂದ ಕಿತ್ತ ಎಲೆಯ ಜೊತೆ ಧೂಳೂ ಬರುತ್ತದೆ.

ಸುಣ್ಣವನ್ನು ಮಾತ್ರ ಮುಖದ ಹತ್ತಿರ ತರಲೇಬಾರದು. ಅದು ತೀವ್ರ ಕ್ಷಾರ, ನೆತ್ತರನ್ನು ನಿಲ್ಲಿಸುವುದು ಚರ್ಮವನ್ನು ಸುಟ್ಟೇ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೆಂಬುದು ನಿಜ, ಆದರೆ ಅದು ರಕ್ತದಲ್ಲೇ ಸಾಕಷ್ಟಿರುತ್ತದೆ. ಅಟ್ಟದ ಮೂಲೆಯ ಜೇಡರಬಲೆಯೂ ಬೇಡ. ಧೂಳು ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುಗಳು ವರ್ಷಗಟ್ಟಲೆ ಬದುಕಿರಬಲ್ಲವು.

ಹೀಗೆ ಒಂದೊಂದನ್ನೂ ಬಿಡಿಸಿ ನೋಡುವ ಬುದ್ಧಿಯನ್ನು ವೈದ್ಯಕ್ಕೆ ಕಲಿಸಿದವರಲ್ಲಿ ಒಬ್ಬ ಕ್ಷೌರಿಕನೂ ಇದ್ದಾನೆ. ಫ್ರಾನ್ಸಿನ ಆಂಬ್ರಾಸ್ ಪಾರೆ ಕ್ಷೌರಿಕ ಶಸ್ತ್ರವೈದ್ಯರ ವೃತ್ತಿಯಲ್ಲಿ ಪಳಗಿದವನು. 1537ರ ಸುಮಾರಿನಲ್ಲಿ ಟ್ಯೂರಿನ್ ಬಳಿಯ ಯುದ್ಧದಲ್ಲಿ ಅವನು ಸೈನಿಕರ ಗಾಯ ನೋಡುತ್ತಿದ್ದ. ಮದ್ದುಗುಂಡಿನ ಗಾಯಕ್ಕೆ ಕುದಿಯುವ ಎಣ್ಣೆ ಹೊಯ್ಯಬೇಕೆಂಬುದು ಅಂದಿನ ಶಾಸ್ತ್ರ. ಎಣ್ಣೆ ಮುಗಿದುಹೋದಾಗ ಉಳಿದವರಿಗೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಬೆರೆಸಿ ಹಚ್ಚಿದ. ಅವರು ಸತ್ತುಹೋಗಿರುತ್ತಾರೇನೋ ಎಂದು ರಾತ್ರಿಯಿಡೀ ನಿದ್ದೆಗೆಟ್ಟು ಬೆಳಗಿನ ಜಾವ ಹೋಗಿ ನೋಡಿದರೆ ಅವರಿಗೆ ನೋವು ಕಡಿಮೆಯಾಗಿತ್ತು, ನಿದ್ದೆಯೂ ಬಂದಿತ್ತು. ಎಣ್ಣೆ ಹೊಯ್ಸಿಕೊಂಡವರು ಜ್ವರದಲ್ಲಿ, ಬಾವಿನಲ್ಲಿ ನರಳುತ್ತಿದ್ದರು. ಪಾರೆ ಶಾಸ್ತ್ರವನ್ನು ಬಿಟ್ಟು ಕಣ್ಣೆದುರಿನ ಸಾಕ್ಷ್ಯವನ್ನು ಹಿಡಿದ, 1545ರಲ್ಲಿ ಅದನ್ನು ಪುಸ್ತಕವಾಗಿ ಬರೆದ. ಹಳೆಯ ಮದ್ದಿನ ಬಗ್ಗೆ ಮಾತಾಡುವಾಗ ನಮಗೆ ಬೇಕಾದದ್ದು ಈ ಪ್ರಾಮಾಣಿಕತೆ. ಹಳತೆಂಬ ಕಾರಣಕ್ಕೆ ತಲೆಮೇಲೆ ಹೊರುವವರೂ ಅದೇ ಕಾರಣಕ್ಕೆ ತಿಪ್ಪೆಗೆ ಎಸೆಯುವವರೂ ನೋಡುವ ಕಷ್ಟವನ್ನು ತಪ್ಪಿಸಿಕೊಳ್ಳುತ್ತಾರೆ.

ನೋಡುವ ಕಷ್ಟ ತೆಗೆದುಕೊಂಡರೆ ಪಟಿಕದ ವಿಷಯದಲ್ಲೇ ನಮಗೊಂದು ಎಚ್ಚರಿಕೆ ಸಿಗುತ್ತದೆ. ಮದ್ದು ಒಳ್ಳೆಯದು, ಅದನ್ನು ಹಂಚಿಕೊಳ್ಳುವ ರೀತಿ ಒಳ್ಳೆಯದಲ್ಲ. ಒಂದೇ ಕಲ್ಲು ಬೆಳಗಿನಿಂದ ಸಂಜೆಯವರೆಗೆ ಹಲವರ ಮುಖದ ತೆರೆದ ಗೀರುಗಳ ಮೇಲೆ ಹಾಯುತ್ತದೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ಮೇಲೂ, ಕನಿಷ್ಠ 7 ದಿನ ಸೋಂಕು ತಗುಲಿಸುವ ಶಕ್ತಿ ಉಳಿಸಿಕೊಂಡಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತವೂ ಅದಕ್ಕೆ ಸಾಕು. ಪಟಿಕ ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯಬಲ್ಲದು, ಆದರೆ ವೈರಸ್ಸಿನಿಂದ ಕಾಪಾಡುತ್ತದೆಂದು ಅದನ್ನು ನಂಬಿ ಕೂರಲಾಗದು. ಎಚ್‌ಐವಿಯ ಭಯ ಬಂದ ಮೇಲೆ ನಮ್ಮ ಅಂಗಡಿಗಳಲ್ಲಿ ಬ್ಲೇಡನ್ನು ಗಿರಾಕಿಯ ಕಣ್ಣೆದುರೇ ಅರ್ಧಕ್ಕೆ ಮುರಿದು ಹೊಸದಾಗಿ ಸಿಕ್ಕಿಸುವ ಪದ್ಧತಿ ಹರಡಿತು. ಅದು ದೊಡ್ಡ ಸುಧಾರಣೆ. ಅಷ್ಟೇ ಎಚ್ಚರ ಕಲ್ಲಿನ ವಿಷಯದಲ್ಲಿ ಇನ್ನೂ ಬಂದಿಲ್ಲ.

ಪರಿಹಾರ ಕಷ್ಟದ್ದಲ್ಲ, ದುಬಾರಿಯದೂ ಅಲ್ಲ. ಪಟಿಕವನ್ನು ಪುಡಿಮಾಡಿಟ್ಟು, ಬೇಕಾದಷ್ಟನ್ನು ಮಾತ್ರ ಹೊಸ ಹತ್ತಿಯ ಉಂಡೆಗೆ ಹಾಕಿಕೊಂಡು ಒತ್ತಿ ಬಿಸಾಡಬಹುದು. ಗಿರಾಕಿ ತನ್ನದೇ ಚಿಕ್ಕ ತುಂಡನ್ನು ಜೇಬಿನಲ್ಲಿ ತರಬಹುದು. ಮನೆಯಲ್ಲೂ ಒಬ್ಬರ ಕಲ್ಲು ಒಬ್ಬರಿಗೇ ಇರಲಿ. ಗೀರಾದರೆ ಮೊದಲು ಶುದ್ಧ ನೀರಿನಿಂದ ತೊಳೆದು, ಶುಭ್ರ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿದು, ಆಮೇಲೂ ಜಿನುಗಿದರೆ ಪಟಿಕ ಹಚ್ಚಬೇಕು. ಹೃದಯದ ತೊಂದರೆಗೆ ಆಸ್ಪಿರಿನ್, ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನೆತ್ತರು ನಿಲ್ಲಲು ಹೆಚ್ಚು ಹೊತ್ತು ಬೇಕು. ಎಡೆಬಿಡದೆ ಹತ್ತು ಹದಿನೈದು ನಿಮಿಷ ಒತ್ತಿದರೂ ನಿಲ್ಲದಿದ್ದರೆ ಯಾವ ಮನೆಮದ್ದನ್ನೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಹಲವರಿಗೆ ತಿಕ್ಕಿದ ಕಲ್ಲು ಬೇಡವೆಂದು ಅಂಗಡಿಯಲ್ಲಿ ಹೇಳಲು ಸಂಕೋಚಪಡುವವರಿದ್ದಾರೆ, ಕ್ಷೌರಿಕರಿಗೆ ಅವಮಾನವಾದೀತೆಂದು. ಆದರೆ ದಿನವಿಡೀ ಪರರ ನೆತ್ತರು ತಾಗುವ ಕೈ ಅವರದು, ಸೋಂಕಿನ ಅಪಾಯ ಎಲ್ಲರಿಗಿಂತ ಹೆಚ್ಚಾಗಿ ಅವರ ಮೇಲಿದೆ. ಊರಿನ ಹುಣ್ಣು ಗಾಯಗಳನ್ನು ತಲೆಮಾರುಗಳ ಕಾಲ ನೋಡಿಕೊಂಡು ಬಂದ ವೃತ್ತಿ ಅದು, ಒಳ್ಳೆಯ ಮಾತಿನಲ್ಲಿ ಹೇಳಿದ ತಿಳಿವಳಿಕೆಯನ್ನು ದೂರ ತಳ್ಳುವುದಿಲ್ಲ. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಅದನ್ನು ಕ್ಷೌರಿಕರಿಗೆ ಮೊದಲ ಸಾಲಿನಲ್ಲಿ ನಿಲ್ಲಿಸಿ ಕೊಡುವ ಕೆಲಸವನ್ನು ನಮ್ಮ ನಗರಸಭೆಗಳು, ಪಂಚಾಯಿತಿಗಳು ಕೈಗೆತ್ತಿಕೊಳ್ಳಬೇಕು. ಪಟಿಕ ಉಳಿಯಲಿ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಅದು ಹೋಗುವುದು ನಿಲ್ಲಲಿ.