ಗೇರ್‌ಬಾಕ್ಸ್ ಇಳಿಸೋ ಮೊದಲು

ನಮ್ಮನೆ ಹಳೇ ಮಿನಿಲಾರಿ ಸ್ಟಾರ್ಟ್ ಆಯ್ತು ಅಂತ ಕಳೆದ ಕಂತಿನಲ್ಲಿ ಬರೆದಿದ್ದೆ. ಓದಿದವರು ಕೆಲವರು "ಈಗ ಓಡ್ತಿದ್ಯಾ?" ಅಂತ ಕೇಳಿದ್ರು. ಎಂಜಿನ್ ಏನೋ ಚೆನ್ನಾಗೇ ತಿರುಗ್ತಿತ್ತು, ಲಾರಿ ಮಾತ್ರ ಶೆಡ್ಡಿನಿಂದ ಹೊರಗೆ ಬರಲಿಲ್ಲ. ಕ್ಲಚ್ ಪೆಡಲ್ ನೆಲಕ್ಕೆ ತಾಗುವಷ್ಟು ಒತ್ತಿದರೂ ಗೇರ್ ಬೀಳದು. ರಿವರ್ಸ್‌ಗೆ ಹಾಕಲು ಹೋದರೆ ಕರಕರ ಅಂತ ಹಲ್ಲು ಕಡಿಯೋ ಸದ್ದು. ಹತ್ತು ಸೆಕೆಂಡ್ ಕಾದು ಹಾಕಿದರೂ ಅದೇ.

ಕ್ಲಚ್ ಜಾರೋದು ಬೇರೆ, ಬಿಡದಿರೋದು ಬೇರೆ. ಜಾರಿದರೆ ಎಂಜಿನ್ ಕೂಗುತ್ತೆ, ಗಾಡಿ ಏರು ಹತ್ತಲ್ಲ. ಬಿಡದಿದ್ದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ಕಡಿಯೋದೇ ಇಲ್ಲ. ನಮ್ಮದು ಎರಡನೆಯದು.

ಬಂದು ನೋಡಿದ ಮೆಕ್ಯಾನಿಕ್ ಒಬ್ಬರು, "ಗೇರ್‌ಬಾಕ್ಸ್ ಇಳಿಸ್ಬೇಕು, ಕ್ಲಚ್ ಸೆಟ್ ಪೂರ್ತಿ ಹೊಸದು ಹಾಕ್ಬೇಕು" ಅಂದರು. ಅವರು ಹೇಳಿದ ಮೊತ್ತ ಮಗಳ ಹಾಸ್ಟೆಲ್ಲಿಗೆ ಕಟ್ಟಬೇಕಾಗಿದ್ದ ದುಡ್ಡಿಗೆ ಹೆಚ್ಚೂಕಮ್ಮಿ ಸಮ. ಅಡಿಕೆ ಕೊಯ್ಲಿನೊಳಗೆ ಓಡದಿದ್ದರೆ ಗುಜರಿಗೆ ಕೊಡೋದು ಅಂತ ಮನೆಯಲ್ಲಿ ಮೊದಲೇ ಮಾತಾಗಿತ್ತು. ಮಾವ ಆ ಲಾರಿ ಓಡಿಸಿಯೇ ಮನೆ ಕಟ್ಟಿದವರು. ಗುಜರಿ ಅಂದಾಗ ಏನೂ ಮಾತಾಡಿರಲಿಲ್ಲ. ಮೆಕ್ಯಾನಿಕ್ ಹೋದ ಮೇಲೆ ಇಷ್ಟೇ ಹೇಳಿದರು: "ಒಳಗೆ ಕೈ ಹಾಕೋ ಮೊದಲು ಹೊರಗೆ ನೋಡ್ರೋ."

ಕ್ಲಚ್ ಅಂದ್ರೆ ಏನು ಅಂತ ನನಗೆ ಅರ್ಥವಾಗಿದ್ದು ಹಪ್ಪಳದ ಮಣೆಯಿಂದ. ಎರಡು ಮಣೆ ನಡುವೆ ಉಂಡೆ ಇಟ್ಟು ಒತ್ತುತ್ತೀವಲ್ಲ, ಹಾಗೆ. ಕೆಳಗಿನ ಮಣೆ ಎಂಜಿನ್ನಿನ ಫ್ಲೈವೀಲ್, ಮೇಲಿನದು ಪ್ರೆಶರ್ ಪ್ಲೇಟ್, ನಡುವೆ ಸಿಕ್ಕಿರೋ ಹಪ್ಪಳ ಕ್ಲಚ್ ಪ್ಲೇಟ್. ಪೆಡಲ್ ಒತ್ತಿದಾಗ ಮೇಲಿನ ಮಣೆ ಎದ್ದು ಹಪ್ಪಳ ಸಡಿಲ ಆಗಬೇಕು. ಆಗಲಿಲ್ಲ ಅಂದ್ರೆ ಕಾರಣ ಎರಡೇ ಬಗೆ. ಒಂದೋ ಮಣೆ ಸಾಕಷ್ಟು ಎದ್ದಿಲ್ಲ, ಇಲ್ಲಾ ಮಣೆ ಎದ್ದರೂ ಹಪ್ಪಳ ಅಂಟಿಕೊಂಡಿದೆ. ಮೊದಲನೆಯದನ್ನು ಬಹುಪಾಲು ಹೊರಗಿನಿಂದಲೇ ಪತ್ತೆ ಮಾಡಬಹುದು, ಗೇರ್‌ಬಾಕ್ಸ್ ಮುಟ್ಟಬೇಕಾಗಿಲ್ಲ.

ನಮ್ಮ ಲಾರಿಯದು ಹೈಡ್ರಾಲಿಕ್ ಕ್ಲಚ್. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಆಯಿಲ್ ದೂಡುತ್ತೆ, ಆ ಆಯಿಲ್ ಪೈಪಿನಲ್ಲಿ ಹೋಗಿ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ಕಡ್ಡಿಯನ್ನು ಹೊರಗೆ ತಳ್ಳುತ್ತೆ, ಆ ಕಡ್ಡಿ ಫೋರ್ಕನ್ನು ತಳ್ಳುತ್ತೆ. ಹಾಗಾಗಿ ಮೊದಲ ಪರೀಕ್ಷೆ ಬಹಳ ಸುಲಭ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಕಡ್ಡಿ ಎಷ್ಟು ಸರಿಯುತ್ತೆ ಅಂತ ಸ್ಕೇಲ್ ಹಿಡಿದು ಅಳೆಯಬೇಕು. ಎಂಜಿನ್ ಆಫ್, ಚಕ್ರಕ್ಕೆ ಕಲ್ಲು ಕಡ್ಡಾಯ.

ಪೆಡಲ್ ಒತ್ತೋ ಕೆಲಸ ನನ್ನದು. ಕೆಳಗೆ ನಮ್ಮನೆಯವರು. ಕಡ್ಡಿ ಸರಿದಿದ್ದು ಬರೀ 7 ಮಿ.ಮೀ. ಕೈಪಿಡಿಯಲ್ಲಿ ಇದ್ದಿದ್ದು ಅದರ ಎರಡರಷ್ಟು. ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿ ಸರಿಸಿ ನೋಡಿದರೆ ಒಳಗೆ ಒದ್ದೆ. ಅಂದ್ರೆ ವಾಷರ್ ಹೋಗಿದೆ, ಆಯಿಲ್ ಸೋರ್ತಿದೆ, ಆ ಜಾಗಕ್ಕೆ ಗಾಳಿ ಸೇರಿಕೊಂಡಿದೆ. ಗಾಳಿಯನ್ನು ಎಷ್ಟು ಒತ್ತಿದರೂ ಅದು ಸುಮ್ಮನೆ ಕುಗ್ಗುತ್ತೆ, ಕಡ್ಡಿಯನ್ನು ತಳ್ಳಲ್ಲ.

ಮೈದುನ ಪೇಟೆಗೆ ಹೋಗಿ ಮಾಸ್ಟರ್, ಸ್ಲೇವ್ ಎರಡಕ್ಕೂ ರಬ್ಬರ್ ಕಿಟ್ ತಂದ. ಜೊತೆಗೆ ರಬ್ಬರ್ ಹೋಸ್ ಕೂಡ. ಹಳೇ ಹೋಸ್ ಪೆಡಲ್ ಒತ್ತಿದಾಗೆಲ್ಲ ಊದಿಕೊಳ್ತಿತ್ತು. ಒಂದು ಮಾತು ನೆನಪಿಡಿ. ಈ ಡಬ್ಬಿಗೆ ಹಾಕೋದು ಬ್ರೇಕ್ ಆಯಿಲ್, ಮುಚ್ಚಳದ ಮೇಲೆ ಯಾವುದು ಅಂತ ಬರೆದಿರುತ್ತೆ. ಮನೆಯಲ್ಲಿದೆ ಅಂತ ಎಂಜಿನ್ ಆಯಿಲ್ ಸುರಿದರೆ ರಬ್ಬರುಗಳೆಲ್ಲ ಊದಿ ಹಾಳಾಗ್ತವೆ. ಬ್ರೇಕ್ ಆಯಿಲ್ ಪೇಂಟನ್ನೂ ತಿನ್ನುತ್ತೆ, ಚೆಲ್ಲಿದ ಕೂಡಲೇ ನೀರಲ್ಲಿ ತೊಳೀಬೇಕು.

ಆಮೇಲೆ ಏರ್ ತೆಗೆಯೋದು. ಸ್ಲೇವ್ ಸಿಲಿಂಡರಿನ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಆಯಿಲ್ ಇರೋ ಬಾಟ್ಲಿಯಲ್ಲಿ ಮುಳುಗಿಸಬೇಕು. ನಾನು ಒತ್ತಿ ಹಿಡೀಬೇಕು, ಅವರು ನಿಪ್ಪಲ್ ಸಡಿಲಿಸಿ, ಗುಳ್ಳೆ ಹೋದ ಮೇಲೆ ಮುಚ್ಚಬೇಕು, ಆಮೇಲಷ್ಟೇ ನಾನು ಪೆಡಲ್ ಬಿಡಬೇಕು. ಮುಚ್ಚೋ ಮೊದಲೇ ಬಿಟ್ಟರೆ ಹೋದ ಗಾಳಿ ಮತ್ತೆ ಒಳಗೆ. "ಬಿಡ್ಲಾ?" "ತಡಿ ಮಾರಾಯ್ತಿ!" "ಈಗ?" "ಹ್ಞಾಂ, ಬಿಡು." ಹೀಗೇ ಮುಕ್ಕಾಲು ಗಂಟೆ. ನಡುನಡುವೆ ಮೈದುನ ಡಬ್ಬಿಗೆ ಆಯಿಲ್ ತುಂಬ್ತಾ ಇದ್ದ. ಅದು ಖಾಲಿಯಾದರೆ ಮತ್ತೆ ಮೊದಲಿಂದ ಶುರು.

ಕೊನೆಗೆ ಅಳೆದರೆ 15 ಮಿ.ಮೀ. ಪೆಡಲ್ ಗಟ್ಟಿಯಾಯ್ತು. ಎಲ್ಲರಿಗೂ ಖುಷಿ. ಗೇರ್ ಹಾಕಿದರೆ ಮತ್ತದೇ ಕರಕರ!

ಇಲ್ಲಿ ಮೈದುನನಿಗೆ ತಾಳ್ಮೆ ತಪ್ಪಿತು. "ಅತ್ತಿಗೆ, ಪೆಡಲ್ ಒತ್ತಿಟ್ಕೊಂಡು ಗೇರಲ್ಲೇ ಸೆಲ್ಫ್ ಹೊಡೀತೀನಿ, ಆ ಏಟಿಗೆ ಬಿಟ್ಕೊಳ್ಳುತ್ತೆ" ಅಂದ. ಕೆಲವರು ಹಾಗೆ ಮಾಡ್ತಾರೆ, ಎಷ್ಟೋ ಸಲ ಬಿಟ್ಟುಕೊಳ್ಳುತ್ತೆ ಕೂಡ. ಆದರೆ ಬಿಡದಿದ್ದರೆ ಲಾರಿ ಜಿಗಿಯುತ್ತೆ, ಪೆಡಲ್ ಒತ್ತಿದರೂ ನಿಲ್ಲಲ್ಲ. ಶೆಡ್ಡಿನ ಮುಂದಿನ ಅಂಗಳದಲ್ಲಿ ಪಕ್ಕದ ಮನೆ ಮಕ್ಕಳು ಆಡ್ತಿದ್ದವು. ನಾನು ಕೀಲಿ ತೆಗೆದು ಸೆರಗಿಗೆ ಕಟ್ಟಿಕೊಂಡೆ. ಅವತ್ತು ಅವನು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಪರವಾಗಿಲ್ಲ.

ಮಾರನೇ ದಿನ ಮಾವ ಎರಡನೇ ಪರೀಕ್ಷೆ ಹೇಳಿದರು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದಾಯ್ತು. ಬರೀ ಜಾಕ್ ನಂಬಬಾರದು. ಎಂಜಿನ್ ಆಫ್, ಟಾಪ್ ಗೇರ್, ನಾನು ಪೆಡಲ್ ಮೇಲೆ. ಕೆಳಗೆ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಬೇಕು. ಚಕ್ರ ತಿರುಗಿಸಿದರೆ ಲೆಕ್ಕ ತಪ್ಪುತ್ತೆ, ಡಿಫರೆನ್ಷಿಯಲ್ ಇರೋದರಿಂದ ಆಚೆ ಚಕ್ರ ಉಲ್ಟಾ ತಿರುಗಿ ಮೋಸ ಮಾಡುತ್ತೆ. ಕ್ಲಚ್ ಬಿಟ್ಟಿದ್ದರೆ ಶಾಫ್ಟ್ ತಿರುಗಬೇಕು. ನಮ್ಮದು ಅಲುಗಲಿಲ್ಲ.

ಕಡ್ಡಿ ಪೂರ್ತಿ ಸರೀತಿದೆ, ಆದರೂ ಬಿಡ್ತಿಲ್ಲ. ಹೊಸದಾಗಿ ಕ್ಲಚ್ ಹಾಕಿದ ಗಾಡಿಯಾಗಿದ್ದರೆ ಪ್ಲೇಟನ್ನು ಉಲ್ಟಾ ಕೂರಿಸಿದ್ದಾರಾ ಅಂತ ಅನುಮಾನ ಪಡಬೇಕಿತ್ತು. ನಮ್ಮ ಗೇರ್‌ಬಾಕ್ಸನ್ನು ಯಾರೂ ಬಿಚ್ಚಿರಲಿಲ್ಲ. ನಿಲ್ಲಿಸೋ ಮೊದಲು ಕ್ಲಚ್ ಸರಿಯಾಗೇ ಇತ್ತು ಅಂತ ಮಾವ ಹೇಳ್ತಿದ್ದರು. ಮೂರು ಮಳೆಗಾಲ ಮಲೆನಾಡಿನ ತೇವದಲ್ಲಿ ನಿಂತಿತ್ತಲ್ಲ, ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿರಬೇಕು. ಹಪ್ಪಳದ ಮಣೆಗಾದರೆ ಎಣ್ಣೆ ಸವರ್ತೀವಿ. ಇಲ್ಲಿ ಮಾತ್ರ ಎಣ್ಣೆ ಸೋಕಲೇಬಾರದು, ಪ್ಲೇಟ್ ಜಾರೋಕೆ ಶುರು ಆಗುತ್ತೆ.

ಲಾರಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಪೆಡಲ್ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಅಡಿಕೆ ದಬ್ಬೆ ಕೊಟ್ಟು ಎರಡು ರಾತ್ರಿ ಬಿಟ್ವಿ. ಮೂರನೇ ದಿನ ನ್ಯೂಟ್ರಲ್‌ನಲ್ಲಿ ತಳ್ಳಿ ಕಣಕ್ಕೆ ತಂದು, ಮಕ್ಕಳನ್ನೆಲ್ಲ ಜಗಲಿ ಹತ್ತಿಸಿ, ಟಾಪ್ ಗೇರಿಗೆ ಹಾಕಿ ಆರು ಜನ ಹಿಂದಕ್ಕೆ ಮುಂದಕ್ಕೆ ಜಗ್ಗಿದರು. ಡೀಸೆಲ್ ಎಂಜಿನ್ ತಳ್ಳಿದಾಗ ಕೀಲಿ ಇಲ್ಲದೇನೂ ಹೊತ್ತಿಕೊಳ್ಳಬಹುದು, ಅದಕ್ಕೆ ಸ್ಟಾಪ್ ಕೇಬಲ್ ಎಳೆದಿಟ್ಟಿದ್ವಿ. ಸ್ಟೀರಿಂಗ್ ಮುಂದೆ ಕೂತು ಬ್ರೇಕ್ ಮೇಲೆ ಕಾಲಿಟ್ಟುಕೊಂಡಿದ್ದವಳು ನಾನು. ಎಂಟೋ ಒಂಬತ್ತೋ ಸಲಕ್ಕೆ ಕೆಳಗಿನಿಂದ 'ಟಕ್' ಅಂತು. ಲಾರಿ ಹಗುರಾಗಿ ಉರುಳಿತು.

ಮೊದಲ ಎರಡು ದಿನ ಹೊರಡುವಾಗ ಸ್ವಲ್ಪ ನಡುಗ್ತಿತ್ತು, ತುಕ್ಕು ಸವೆದ ಮೇಲೆ ನಿಂತಿತು. ರಿವರ್ಸ್ ಈಗ ಸದ್ದಿಲ್ಲದೆ ಬೀಳುತ್ತೆ. ಖರ್ಚಾಗಿದ್ದು ರಬ್ಬರ್ ಕಿಟ್ಟು, ಹೋಸು, ಆಯಿಲ್ಲು, ಜಗ್ಗಿದವರಿಗೆ ಕಾಫಿ-ಅವಲಕ್ಕಿ. ಹಾಸ್ಟೆಲ್ ಫೀಸು ಕಟ್ಟಿದ್ದಾಯ್ತು.

ಹೀಗೂ ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸಲೇಬೇಕಿತ್ತು, ಆ ಮೆಕ್ಯಾನಿಕ್ ಮಾತು ಸುಳ್ಳಲ್ಲ. ಆದರೆ ಅದು ಕೊನೆಯ ಮೆಟ್ಟಿಲು. ನಿಮ್ಮ ಮನೆಯಲ್ಲೂ ಮಳೆಗಾಲ ಪೂರ್ತಿ ನಿಲ್ಲೋ ಗಾಡಿ ಇದ್ದರೆ ತಿಂಗಳಿಗೆರಡು ಸಲ ಸ್ಟಾರ್ಟ್ ಮಾಡಿ, ಗೇರ್ ಹಾಕಿ ನಾಲ್ಕು ಮಾರು ಓಡಿಸಿ. ಕೆಲವು ಟ್ರ್ಯಾಕ್ಟರುಗಳಲ್ಲಿ ಪೆಡಲ್ ಒತ್ತಿ ಹಿಡಿದಿಡೋಕೆ ಕೊಂಡಿಯೇ ಇರುತ್ತೆ, ಇದೇ ಕಾರಣಕ್ಕೆ.

ಮುಂದಿನ ಕಂತಿಗೆ ಬ್ರೇಕಿನ ಸರದಿ. ಪೆಡಲ್ ಒತ್ತೋರು ಯಾರು ಅಂತ ಈ ಸಲ ಯಾರೂ ಕೇಳಲಿಲ್ಲ.