ಆಟ ಆಡ್ಸುವವನ ಪುಸ್ತಕ: ಹಳತು ಒಳ್ಳೆದೋ, ಹೊಸತು ಒಳ್ಳೆದೋ?

ಮಗಳ ಮನೆಲಿ ಆರು ತಿಂಗಳು ಕೂದಿಕ್ಕಿ ಬಂದ ಮೇಲೆ ಎಲ್ಲೋರೂ ಕೇಳುದು ಒಂದೇ, “ಅಮೇರಿಕಲ್ಲಿ ಎಂತೆಲ್ಲ ನೋಡಿದೆ ಅತ್ತಿಗೆ?” ಹೇಳಿ. ನೋಡಿದ್ದು ಸುಮಾರಿದ್ದು. ಆದರೆ ಎನ್ನ ತಲೆಲಿ ಒಳುದ್ದು ಅಳಿಯನ ಕವಾಟಿಲಿ ಸಾಲಾಗಿ ಮಡಗಿದ ಐದು ದಪ್ಪ ಪುಸ್ತಕಂಗೊ. ಐದಕ್ಕೂ ಹೆಸರು ಒಂದೇ: ಡಂಜನ್ ಮಾಸ್ಟರ್ಸ್ ಗೈಡ್. “ಒಂದೇ ಹೆಸರಿನ ಐದು ಪುಸ್ತಕ ಎಂತಕೆ?” ಹೇಳಿ ಆನು ಕೇಳಿದ್ದೇ ತಪ್ಪಾತು. ಮನೆಲಿ ಎರಡು ಪಕ್ಷ ಆಗಿಹೋತು.

ಗೊಂತಿಲ್ಲದ್ದೋರಿಂಗೆ ರಜ್ಜ ವಿವರ ಹೇಳ್ತೆ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಹೇಳ್ತ ಒಂದು ಆಟ ಇದ್ದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೇಳುವ ಇಬ್ರು ತಂದದು. ಪುಸ್ತಕ ಹೆರ ಬಂದದು ವಿಸ್ಕಾನ್ಸಿನ್ನಿನ ಲೇಕ್ ಜಿನೀವಾ ಹೇಳ್ತ ಸಣ್ಣ ಊರಿಂದ. ಮೇಜಿನ ಸುತ್ತ ನಾಲ್ಕೈದು ಜೆನ ಕೂಪದು, ಒಬ್ಬೊಬ್ಬಂಗೆ ಒಂದೊಂದು ವೇಷ. ಆದರೆ ಬಣ್ಣ ಇಲ್ಲೆ, ಕಿರೀಟ ಇಲ್ಲೆ, ಬರೇ ಮಾತು. ನಮ್ಮ ತಾಳಮದ್ದಳೆಯ ಹಾಂಗೇ ಹೇಳಿ ಮಡಿಕ್ಕೊಳ್ಳಿ. ಭಾಗವತರ ಜಾಗೆಲಿ ಕೂಪವ° ಡಂಜನ್ ಮಾಸ್ಟರ್. ಕಥೆ ನೆಡೆಶುದು ಅವ°, ರಾಕ್ಷಸರ ತಪ್ಪದು ಅವ°. ಗೆದ್ದತ್ತೋ ಸೋತತ್ತೋ ಹೇಳುದಕ್ಕೆ ದಾಳ ಹಾಕುದು. ಕವಾಟಿಲಿ ಇಪ್ಪದು ಹೀಂಗೆ ಆಟ ಆಡ್ಸುವವಂಗೆ ದಾರಿ ತೋರ್ಸುವ ಪುಸ್ತಕಂಗೊ.

ಎನ್ನ ಪುಳ್ಳಿಮಾಣಿಗೆ ಹದಿಮೂರು ವರ್ಷ. ಅವಂಗೆ ಆಟ ಆಡ್ಸುವ ಮರುಳು ಹಿಡುದತ್ತು. ಅಪ್ಪನ ಕವಾಟಿಂದ 2014ರ ಪುಸ್ತಕ ತೆಗದ°, ಮಕ್ಕೊ ಎಲ್ಲ ಮಾಡುವ ಹಾಂಗೆ ಒಂದನೇ ಪುಟಂದ ಸುರು ಮಾಡಿದ°. ಅದರ್ಲಿ ಸುರುವಾಣ ಅಧ್ಯಾಯವೇ ನಿನ್ನದೇ ಆದ ಲೋಕ ಕಟ್ಟುದು ಹೇಂಗೆ ಹೇಳಿ. ಮಾಣಿ ಮೂರು ವಾರ ಕೂದು ದೇವರುಗಳ ಮಾಡಿದ°, ರಾಜರುಗಳ ಮಾಡಿದ°, ಸಮುದ್ರದ ನಕ್ಷೆ ಬರದ°. ಶನಿವಾರ ಚೆಂಙಾಯಿಗೊ ನಾಲ್ಕು ಜೆನ ಬಂದವು. ಇವ° ಅರ್ಧ ಗಂಟೆ ದೇವರುಗಳ ವಂಶಾವಳಿ ಓದಿದ°. ಒಬ್ಬಂಗೆ ಯುದ್ಧ ಬೇಕು, ಒಬ್ಬಂಗೆ ಮಾತಾಡಿಗೊಂಡೇ ಇರೆಕ್ಕು, ಒಂದು ಕೂಸಿಂಗೆ ಅದರ ಸರದಿಯೇ ಬಯಿಂದಿಲ್ಲೆ. ಎರಡು ಗಂಟೆ ಅಪ್ಪಗ ಮೂರು ಜೆನ ಮೊಬೈಲು ನೋಡಿಗೊಂಡು ಇತ್ತಿದ್ದವು. ಮರು ಶನಿವಾರ ಒಬ್ಬನೂ ಬಯಿಂದವಿಲ್ಲೆ. ಮಾಣಿ ದಾಳಂಗಳ ಮೇಜಿಲಿ ಸಾಲು ಮಡಗಿ ಕೂದಿತ್ತಿದ್ದ°, ಉಂಬಲೆ ದಿನಿಗೇಳಿರೂ ಎದ್ದಿದ° ಇಲ್ಲೆ. ಅದರ ನೋಡ್ಲೆ ಎನಗೆ ಎಡಿಗಾಯಿದಿಲ್ಲೆ.

ಮರುದಿನಂದ ಅಜ್ಜಿಯೂ ಪುಳ್ಳಿಯೂ ಒಟ್ಟಿಂಗೆ ಓದ್ಲೆ ಕೂದೆಯೊ°. ಎನ್ನ ಪಿಯುಸಿ ಇಂಗ್ಲೀಷಿಂಗೆ ಅವನೇ ಅರ್ಥ ಹೇಳುಗು.

ಅಳಿಯಂಗೆ 1979ರದ್ದೇ ವೇದ. ಗೈಗ್ಯಾಕ್ಸ್ ಬರದ್ದು, ಇನ್ನೂರು ಪುಟಂದ ಮೇಲೆ ಇದ್ದು, ಇರುವೆ ಸಾಲಿನ ಹಾಂಗಿಪ್ಪ ಅಕ್ಷರ. ವೇಷ ಕಟ್ಟುವ ವಿಷಯ ಮುಗಿವಂದ ಮದಲೇ ರೋಗದ ಪಟ್ಟಿ ಬತ್ತು! ಅಕೇರಿಗೆ ಸಾಲು ಸಾಲು ಅನುಬಂಧಂಗೊ. ಅದರ್ಲಿ ಒಂದು ಬರೇ ಮದ್ದಿನ ಸೊಪ್ಪು, ಸಾಂಬಾರ ಸಾಮಾನುಗಳದ್ದು. ಅದರ ನೋಡಿಯಪ್ಪಗ ಎನಗೆ ಕೊಶಿ ಆತು, ಸುಳ್ಳು ಹೇಳ್ತಿಲ್ಲೆ. ನಮ್ಮ ಹಳೇ ಮನೆಯ ಅಟ್ಟದ ಹಾಂಗೆ ಆ ಪುಸ್ತಕ. ಎಲ್ಲವೂ ಇದ್ದು, ಬೇಕಪ್ಪಗ ಒಂದೂ ಸಿಕ್ಕ.

ಆದರೆ ಒಂದು ವಿಷಯ ಎನಗೆ ಹಿಡುಸಿದ್ದಿಲ್ಲೆ. ಪೆಟ್ಟು ತಾಗೆಕ್ಕಾರೆ ದಾಳಲ್ಲಿ ಎಷ್ಟು ಬೀಳೆಕ್ಕು ಹೇಳ್ತ ಪಟ್ಟಿ ಆಡುವೋರ ಪುಸ್ತಕಲ್ಲಿ ಇಲ್ಲೆ, ಆಡ್ಸುವವನ ಪುಸ್ತಕಲ್ಲಿ ಮಾಂತ್ರ. ಆಡುವೋರು ಇದರ ಓದ್ಲೇ ಆಗ ಹೇಳುವ ಭಾವನೆ. “ಗುಟ್ಟು ಇದ್ದರೇ ಮಜಾ ಅತ್ತೆ” ಹೇಳಿ ಅಳಿಯ. ಗುಟ್ಟಿನ ಮಜಾ ಎನಗೆ ಗೊಂತಿದ್ದು. ಎನ್ನ ಅತ್ತೆ ಮೇಲಾರಕ್ಕೆ ಎಂತ ಎಷ್ಟು ಹೇಳಿ ಕೇಳಿರೆ “ಕಣ್ಣಂದಾಜಿ” ಹೇಳಿ ಬೆನ್ನು ಹಾಕುಗು. ಮೂರು ವರ್ಷ ಆನು ಹೆದರಿಗೊಂಡೇ ಅಟ್ಟುಂಬೊಳಲ್ಲಿ ನಿಂದಿದೆ. ಗುಟ್ಟು ಮಡಿಕ್ಕೊಂಡವಕ್ಕೆ ಅದು ಮಜಾ, ಹೆರ ನಿಂದವಕ್ಕೆ ಅಲ್ಲ.

1989ರದ್ದರ ಡೇವಿಡ್ ಕುಕ್ ಬರದ್ದು. ಆ ಪೆಟ್ಟಿನ ಲೆಕ್ಕ ಅಷ್ಟಪ್ಪಗ ಆಡುವೋರ ಪುಸ್ತಕಕ್ಕೇ ಬಂತು, ಒಳ್ಳೆದೇ ಆತು. ಪುಸ್ತಕ ಒಪ್ಪ ಓರಣ ಆತು. ಆದರೆ ಅಟ್ಟದ ಸಾಮಾನು ಸುಮಾರು ಇಡ್ಕಿಯೂ ಆತು. 2000ದ್ದು ಮಾಂಟೆ ಕುಕ್ಕಿಂದು. ಅಂದಿಂದ ಹೆಚ್ಚಿನ ಕೆಲಸಕ್ಕೂ 20 ಮೋರೆಯ ಒಂದೇ ದಾಳ, ಒಂದೇ ಕ್ರಮ. ಮನೆಗೆ ಅಳತೆ ಕುಡ್ತೆ ಬಂದ ಹಾಂಗೆ. ಆದರೆ ಲೆಕ್ಕ ಇಪ್ಪಷ್ಟು ಪುಟ ಎನಗೆ ತಲೆಬೆಶಿ.

2008ರದ್ದು ಜೇಮ್ಸ್ ವ್ಯಾಟ್ ಬರದ್ದು. ಇದರ ಸುರುವಾಣ ಅಧ್ಯಾಯಲ್ಲೇ ಆಡ್ಸುವವ° ಹೇಂಗಿರೆಕ್ಕು, ಆಡ್ಲೆ ಬಪ್ಪೋರು ಎಂತೆಂತ ನಮುನೆಯೋರು ಹೇಳಿ ಇದ್ದು. ಒಬ್ಬಂಗೆ ಕಾದಾಟ ಬೇಕು, ಒಬ್ಬಂಗೆ ಕಥೆ ಬೇಕು, ಒಬ್ಬ° ಸುಮ್ಮನೆ ಒಟ್ಟಿಂಗೆ ಕೂಪಲೆ ಬಪ್ಪದು. ಪುಳ್ಳಿ ಓದುದರ ಅಲ್ಲಿಗೇ ನಿಲ್ಸಿದ°. “ಅಜ್ಜೀ, ಇದು ಎನ್ನ ಚೆಂಙಾಯಿಗಳೇ!”

ಇನ್ನು 2014ರದ್ದು. ಆಟ ನೆಡೆಶುದು ಹೇಂಗೆ ಹೇಳ್ತ ಅಧ್ಯಾಯ ಅದರ್ಲೂ ಇದ್ದು, ಲಾಯಕಿದ್ದು. ಆದರೆ ಅದು ಎಂಟನೇ ಅಧ್ಯಾಯ, 230 ಪುಟ ದಾಂಟಿದ ಮೇಲೆ ಬಪ್ಪದು. ಮಾಣಿ ಅಲ್ಲಿಗೆ ಎತ್ತಿದ್ದನೇ ಇಲ್ಲೆ. ಗೊಂತಿಪ್ಪವಂಗೆ ಕ್ರಮ ಹೇಂಗಿದ್ದರೂ ಅಕ್ಕು. ಹೊಸಬ್ಬಂಗೆ ಕ್ರಮವೇ ಮುಖ್ಯ. ಅಶನ ಬೇಶುಲೆ ಕಲಿಯದ್ದೆ ಜೆಂಬಾರದ ಬಾಳೆಲೆಲಿ ಎಲ್ಲಿ ಎಂತ ಬಳುಸುದು ಹೇಳಿ ಕಲ್ತರೆ ಹೇಂಗಕ್ಕು?

2024ರ ನವೆಂಬರಿಲಿ ಹೊಸತು ಬಯಿಂದು. ಬೆಲೆ ಹತ್ತತ್ತರೆ 50 ಡಾಲರು. “ಐದು ಇದ್ದನ್ನೇ, ಆರನೇದು ಎಂತಕೆ? 2008ರ ಬುದ್ಧಿಮಾತು ಓದಿರೆ ಸಾಕು” ಹೇಳಿ ಅಳಿಯ. ಬುದ್ಧಿಮಾತು ಅಕ್ಕು, ಆದರೆ ಅದರ ಲೆಕ್ಕ ಈಗಾಣ ಆಟಕ್ಕೆ ಆಗ. ಮಕ್ಕೊ ಆಡುವಾಗ ಒಂದು ಪುಸ್ತಕಂದ ಬುದ್ಧಿ, ಇನ್ನೊಂದರಿಂದ ಲೆಕ್ಕ ಹೇಳಿ ಹುಡ್ಕಿಗೊಂಡು ಕೂಪಲೆ ಎಡಿಗೋ? ಮಗಳು ಎನಗೆ ಸೀರೆಗೆ ಹೇಳಿ ಕೊಟ್ಟ ಪೈಸೆ ಇತ್ತು. ಅದರ್ಲಿ ಆನೇ ತೆಗದುಕೊಟ್ಟೆ.

384 ಪುಟ. ಸುರುವಿಂಗೆ ಮೂಲಪಾಠ, ಎರಡನೇದು ಆಟ ನೆಡೆಶುದು, ಲೋಕ ಕಟ್ಟುದೆಲ್ಲ ಮತ್ತೆ. ಆಟಂದ ಮದಲೇ ಒಂದರಿ ಎಲ್ಲೋರೂ ಕೂದು ಆರಿಂಗೆ ಎಂತ ಬೇಕು, ಎಂತ ಬೇಡ ಹೇಳಿ ಮಾತಾಡಿಗೊಳ್ಳೆಕ್ಕು ಹೇಳ್ತು. ಕೂಡ್ಲೇ ಆಡ್ಸುಲೆ ಐದು ಸಣ್ಣ ಕಥೆ ಇದ್ದು. ಲೋಕ ಬೇಕಾರೆ ಗ್ರೇಹಾಕ್ ತಯಾರಿದ್ದು, ದೊಡ್ಡ ನಕ್ಷೆಯ ಸಮೇತ. ಅದು ಗೈಗ್ಯಾಕ್ಸ್ ಅವನ ಮನೆಯ ಆಟಕ್ಕೆ ಕಟ್ಟಿದ ಲೋಕವೇ. ಅದರ ಕಂಡಪ್ಪಗ ಅಳಿಯನ ಮೋರೆಯೂ ರಜ್ಜ ಅರಳಿತ್ತು.

ಕೊರತ್ತೆ ಇಲ್ಲದ್ದೆ ಇಲ್ಲೆ. ಹೊಸ ರಾಕ್ಷಸನ ಬುಡಂದ ಕಟ್ಟುಲೆ 2014ರದ್ದರ್ಲಿ ಲೆಕ್ಕದ ಪಟ್ಟಿ ಇದ್ದು, ಇದರ್ಲಿ ಅದು ಇಲ್ಲೆ. ಇಪ್ಪ ರಾಕ್ಷಸನ ರಜ್ಜ ತಿದ್ದುಲಕ್ಕು, ಅಷ್ಟೆ. 1979ರ ಅಟ್ಟದ ಪರಿಮಳವೂ ಇಲ್ಲೆ.

ಹಾಂಗಾಗಿ ಎನ್ನ ಅಭಿಪ್ರಾಯ ಇಷ್ಟು: ಸುರು ಮಾಡುವವಂಗೆ 2024ರದ್ದು. ಕೈ ಪಳಗಿದ ಮೇಲೆ 1979ರದ್ದರ ತೆಗದು ಕೊಶಿಗೆ ಓದಲಿ. ಲೋಕ ಎಷ್ಟು ದೊಡ್ಡ ಕಟ್ಟಿರೂ ಮೇಜಿನ ಸುತ್ತ ಕೂದೋರ ಗುರ್ತ ಇಲ್ಲದ್ರೆ ಆರೂ ನಿಲ್ಲವು. ಆ ಮಾತಿನ ಮದಾಲು ಹೇಳುವ ಪುಸ್ತಕವೇ ಮಕ್ಕೊಗೆ ಒಳ್ಳೆದು.

ಮಾಣಿ ನಾಲ್ಕೂ ಜೆನಕ್ಕೆ ಫೋನು ಮಾಡಿದ°. ಈ ಸರ್ತಿ ವಂಶಾವಳಿ ಓದಿದ್ದ° ಇಲ್ಲೆ, “ನಿಂಗೊಗೆ ಎಂತ ಬೇಕು?” ಹೇಳಿ ಕೇಳಿದ°. ಪುಸ್ತಕದ ಒಂದು ಸಣ್ಣ ಕಥೆ ಆಡ್ಸಿದ°. ಆನು ಒಳ ರೊಟ್ಟಿ ಮಾಡಿಗೊಂಡಿತ್ತಿದ್ದೆ. ಆ ಕೂಸಿನ ಸ್ವರ ಎರಡು ಮೂರು ಸರ್ತಿ ದೊಡ್ಡಕೆ ಕೇಳಿತ್ತು. ಹೋಪಗ ಇಬ್ರು “ಬಪ್ಪ ಶನಿವಾರ ಎಷ್ಟು ಗಂಟೆಗೆ?” ಹೇಳಿ ಕೇಳಿದವು. ಇನ್ನಿಬ್ರು ಕೇಳಿದ್ದವಿಲ್ಲೆ, ಆದರೂ ಬಂದವು.

ಅಳಿಯ ಈಗಳೂ ಒಪ್ಪಿದ್ದ° ಇಲ್ಲೆ. ಮೊನ್ನೆ ಫೋನಿಲಿಯೂ 1979ರದ್ದರ ಹೊಗಳಿಗೊಂಡೇ ಇತ್ತಿದ್ದ°. ಹೊಗಳಲಿ. ಸೀರೆ ಪೈಸೆ ಹೋದ್ದಕ್ಕೆ ಎನಗಂತೂ ಬೇಜಾರಿಲ್ಲೆ. ನಿಂಗಳ ಮಕ್ಕಳೋ ಪುಳ್ಳಿಯಕ್ಕಳೋ ಈ ಆಟ ಆಡ್ತರೆ ಯೇವ ಪುಸ್ತಕ ಹಿಡ್ಕೊಂಡಿದವು ಹೇಳಿ ಒಂದರಿ ನೋಡಿಕ್ಕಿ ಎನಗೂ ಹೇಳಿ.